ಎಂಟು ಟ್ರ್ಯಾಕು, ಮೂರು ಜನ

ಯಂತ್ರ ಮನೆಗೆ ಬರುವ ಮೊದಲೇ ಅದರ ಕೈಪಿಡಿಯನ್ನು ಎರಡು ಸಲ ಓದಿ ಮುಗಿಸುವವರ ಪೈಕಿ ನಾನು. ವಾಷಿಂಗ್ ಮಷಿನ್ ಕೊಳ್ಳುವಾಗ ಅದರ ಮೋಟಾರಿನ ಗುಣದೋಷಗಳನ್ನು ಅಂಗಡಿಯವರಿಗೆ ನಾನೇ ವಿವರಿಸಿದ್ದೆ. ಅವರು ಕುರ್ಚಿ ಕೊಟ್ಟು ಕೂರಿಸಿ ಕೇಳಿಸಿಕೊಂಡರು. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವುದರ ದೋಷ ಇದು ಎಂದು ನಮ್ಮನೆಯವರ ಅಭಿಪ್ರಾಯ. ಕಳೆದ ವರ್ಷ ಶಿರಸಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ವಾರ ರೆಕಾರ್ಡರುಗಳ ಕಾಗದ ಹರಡಿಕೊಂಡಿತ್ತು. ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಈ ಅವಸರ ಯಾಕೆ ಎಂಬುದು ಅವರಿಗೆ ಗೊತ್ತಿತ್ತು.

ಅವಸರ ನನ್ನದಲ್ಲ, ಗಜಾನನ ಮಾಸ್ತರದ್ದು. ಹೆಗ್ಗರಣೆಯ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರು ಹಿಂದೂಸ್ತಾನಿ ಗಾಯಕರು. ನಾನು ಹುಡುಗಿಯಾಗಿದ್ದಾಗ ಅವರ ಬಳಿ ಹಾಡು ಕಲಿಯಲು ಹೋದವಳು. ಒಂದು ವರ್ಷ ತಾಳ್ಮೆಯಿಂದ ನನ್ನ ದನಿ ಕೇಳಿದ ಮೇಲೆ ಅವರು ನನ್ನ ಮುಂದೆ ಹಾರ್ಮೋನಿಯಂ ತಂದಿಟ್ಟರು. ಅದಕ್ಕಿಂತ ಸೌಜನ್ಯದಿಂದ ಯಾರಿಗೂ 'ನೀನು ಹಾಡಬೇಡ' ಎಂದು ಹೇಳಲು ಸಾಧ್ಯವಿಲ್ಲ. ಅಂದಿನಿಂದ ಅವರು ಹಾಡಿದಲ್ಲೆಲ್ಲ ನಾನು ಪಕ್ಕದಲ್ಲಿ ಕೂತು ಬಾರಿಸಿದ್ದೇನೆ. ಐವತ್ತು ದಾಟಿದ ನನ್ನನ್ನು ಅವರು ಇವತ್ತಿಗೂ 'ಕೂಸೆ' ಎಂದೇ ಕರೆಯುತ್ತಾರೆ.

ಮಾಸ್ತರು ತಮ್ಮ ಹಾಡನ್ನು ಧ್ವನಿಮುದ್ರಿಸಲು ಎಂದೂ ಒಪ್ಪಿದವರಲ್ಲ. "ಹಾಡು ಉಪ್ಪಿನಕಾಯಿ ಅಲ್ಲ, ಭರಣೀಲಿ ತುಂಬಿಡಲೆ" ಎಂದು ನಗುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ ಫೋನು ಮಾಡಿ, "ಕೂಸೆ, ಒಂದು ಭೀಮಪಲಾಸ್ ತುಂಬಿಟ್ಗಂಬನ ಹೇಳಿ ಕಾಣ್ತು" ಎಂದಾಗ ಏನಾಯಿತೆಂದು ಕೇಳಿದೆ. ಅವರ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಬೆಳೆದಿತ್ತು. ತೆಗೆಯಲೇಬೇಕು ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ದನಿಯ ನರ ಗಂಟಿಗೆ ತೀರ ಹತ್ತಿರದಲ್ಲಿತ್ತು. ಮಾತು ಉಳಿಯುತ್ತದೆ, ಹಾಡಿನ ಬಗ್ಗೆ ಮಾತ್ರ ಏನೂ ಹೇಳಲಾರೆ ಎಂದಿದ್ದರಂತೆ. ಶಸ್ತ್ರಚಿಕಿತ್ಸೆಗೆ ಇನ್ನು ಆರು ವಾರ ಇತ್ತು.

ಎಪ್ಪತ್ತೊಂದು ವರ್ಷದ ಒಂದು ದನಿಗೆ ಆರು ವಾರ. ನಾನು ಗೊತ್ತಿದ್ದ ಕೆಲಸವನ್ನೇ ಮಾಡಿದೆ: ಕೈಪಿಡಿ ಓದಲು ಕೂತೆ.

"ಮೊಬೈಲಲ್ಲೇ ಆಗ್ತಿಲ್ಯ?" ಎಂದು ನಮ್ಮನೆಯವರು ಕೇಳಿದರು. ಆಗುತ್ತದೆ. ಆದರೆ ಮೊಬೈಲು ಕೋಣೆಯಲ್ಲಿರುವ ಎಲ್ಲವನ್ನೂ ಒಂದೇ ಮುದ್ದೆ ಮಾಡಿ ಕೊಡುತ್ತದೆ. ಹಾರ್ಮೋನಿಯಂ ಜೋರಾಯಿತೆಂದು ಆಮೇಲೆ ಗೊತ್ತಾದರೆ ಅದನ್ನು ಮಾತ್ರ ತಗ್ಗಿಸಲು ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ಮೇಲೆ ತೆಗೆಯಲು ಬಾರದ ಹಾಗೆ. ಕಂಪ್ಯೂಟರಿನಲ್ಲಾದರೆ ಎಲ್ಲ ಸಾಧ್ಯ. ಅದನ್ನು ಮಾಸ್ತರೇ ಬೇಡವೆಂದರು. "ಹಾಡಕಾರೆ ಅದು ಎದ್ರಿಗೆ ಗೆರೆ ಎಳೀತಾ ಕೂರ್ತು. ನೋಡಿದ್ರೆ ಇಸಿಜಿ ನೆನಪಾಗ್ತು" ಎಂದರು.

ಉಳಿದದ್ದು ಮಲ್ಟಿಟ್ರ್ಯಾಕ್ ರೆಕಾರ್ಡರ್ ಎಂಬ, ತನ್ನ ಪಾಡಿಗೆ ತಾನು ಕೆಲಸ ಮಾಡುವ ಸಣ್ಣ ಪೆಟ್ಟಿಗೆ. ಎರಡು ಗೆರೆ ಕಾಪಿಯ ಪುಸ್ತಕವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದೊಂದು ಸಾಲಿನಲ್ಲಿ ಒಂದೊಂದು ಬರೆಯುವ ಹಾಗೆ ಈ ಪೆಟ್ಟಿಗೆಯಲ್ಲಿ ಒಂದೊಂದು ಸಾಲಿಗೆ, ಎಂದರೆ ಟ್ರ್ಯಾಕಿಗೆ, ಒಂದೊಂದು ಸದ್ದು. ದನಿಗೆ ಒಂದು, ಹಾರ್ಮೋನಿಯಮ್ಮಿಗೆ ಇನ್ನೊಂದು. ಪ್ರತಿ ಸಾಲಿಗೂ ಮೇಲೆ ಕೆಳಗೆ ಸರಿಸಿ ಸದ್ದು ಹೆಚ್ಚು ಕಡಿಮೆ ಮಾಡುವ ಒಂದು ಗುಂಡಿ. ಒಂದು ಸಾಲನ್ನು ಇಂದು ತುಂಬಬಹುದು, ಅದನ್ನು ಕಿವಿಯಲ್ಲಿ ಕೇಳುತ್ತ ಇನ್ನೊಂದು ಸಾಲನ್ನು ಮುಂದಿನ ವಾರ ತುಂಬಬಹುದು.

ಹಿಂದೆ ಗ್ರಾಮಫೋನಿನ ಕಾಲದಲ್ಲಿ ಹೀಗಿರಲಿಲ್ಲ. ಎಲ್ಲರೂ ಒಂದು ದೊಡ್ಡ ತುತ್ತೂರಿಯ ಮುಂದೆ ಕೂತು ಒಟ್ಟಿಗೇ ಹಾಡಿ ಬಾರಿಸಬೇಕಿತ್ತು. ಹಾಡುವವರು ತುತ್ತೂರಿಯೊಳಗೆ ಮುಖ ಹಾಕಿದ ಹಾಗೆ ಹತ್ತಿರ, ಜೋರು ವಾದ್ಯದವರು ಗೋಡೆಯ ಹತ್ತಿರ. ಯಾರು ಎಷ್ಟು ಕೇಳಿಸಬೇಕು ಎಂಬುದು ಯಾರು ಎಷ್ಟು ದೂರ ಕೂತಿದ್ದಾರೆ ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಜಗಳವಾಡಿಕೊಂಡವರೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂರಬೇಕಾಗಿತ್ತು.

ಅಂಗಡಿಗಳ ಪಟ್ಟಿಯಲ್ಲಿ ನಾಲ್ಕು ಟ್ರ್ಯಾಕಿನದು, ಎಂಟರದು, ಹದಿನಾರರದು, ಇಪ್ಪತ್ನಾಲ್ಕರದು ಎಂದು ಬಗೆಬಗೆಯವು ಇದ್ದವು. ಸಂಖ್ಯೆ ನೋಡಿ ಮರುಳಾಗಬಾರದು ಎಂದು ಕಲಿಯಲು ನನಗೆ ಒಂದು ವಾರ ಬೇಕಾಯಿತು. ಎಂಟು ಟ್ರ್ಯಾಕು ಎಂದ ಮಾತ್ರಕ್ಕೆ ಎಂಟು ಮೈಕು ಒಟ್ಟಿಗೆ ಹಾಕಬಹುದೆಂದು ಅರ್ಥವಲ್ಲ. ಅನೇಕ ಪೆಟ್ಟಿಗೆಗಳು ಒಂದು ಸಲಕ್ಕೆ ಎರಡು ಮೈಕು ಮಾತ್ರ ತೆಗೆದುಕೊಳ್ಳುತ್ತವೆ. ಎಂಟು ಕೋಣೆಯ ಮನೆಗೆ ಎರಡೇ ಬಾಗಿಲು. ಕೆಲವದರಲ್ಲಿ ನಮಗೆ ಬೇಡದ ಗಿಟಾರಿನ ಸದ್ದು ನೂರಾರು, ಬೇಕಾದ ಬ್ಯಾಟರಿಗೆ ಮಾತ್ರ ಜಾಗ ಇಲ್ಲ. ಹೆಗ್ಗರಣೆಯಲ್ಲಿ ಕರೆಂಟನ್ನು ನಂಬಿ ಆಲಾಪ ಶುರು ಮಾಡುವುದು ಸಾಧ್ಯವಿಲ್ಲ. ಕೊನೆಗೆ ಎಂಟು ಟ್ರ್ಯಾಕಿನ, ಒಮ್ಮೆಗೆ ಎರಡು ಮೈಕು ಹಿಡಿಯುವ, ಬ್ಯಾಟರಿಯಲ್ಲಿ ನಡೆಯುವ, ಹೆಗಲ ಚೀಲದಲ್ಲಿ ಹಾಕಿ ಬಸ್ಸು ಹತ್ತಬಹುದಾದ ಒಂದನ್ನು ಗುರುತು ಹಾಕಿದೆ.

"ಎಂಟು ಎಂತಕ್ಕೆ? ನಿಂಗ ಇಪ್ಪದೇ ಇಬ್ರು" ಎಂದರು ನಮ್ಮನೆಯವರು.

ಅವರು ಸುಮ್ಮನೆ ಕೇಳಿದ್ದು. ನನಗೆ ಮಾತ್ರ ನಾಟಿತು. ಮೂರು ವಾರ ಮೈಕು, ಬ್ಯಾಟರಿ, ಮೆಮೊರಿ ಕಾರ್ಡು ಎಂದು ಒದ್ದಾಡುತ್ತ ನಾನು ಒಂದು ಪ್ರಶ್ನೆಯನ್ನು ಮುಟ್ಟದೇ ಬಿಟ್ಟಿದ್ದೆ. ತಬಲಾ ಯಾರು ಬಾರಿಸಬೇಕು?

ನಾವು ಮೊದಲು ಇಬ್ಬರಲ್ಲ, ಮೂವರಾಗಿದ್ದೆವು. ತಬಲಾಕ್ಕೆ ಬಸಣ್ಣ. ಬನವಾಸಿ ಕಡೆಯವರು, ಯಲ್ಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಹನ್ನೆರಡು ವರ್ಷ ಮೂವರೂ ಒಟ್ಟಿಗೆ ಕಛೇರಿ ಮಾಡಿದೆವು. ಹತ್ತೊಂಬತ್ತು ವರ್ಷದ ಹಿಂದೆ ಶಿರಸಿಯಲ್ಲಿ ಒಂದು ಕಛೇರಿ. ಆ ದಿನ ಬಸಣ್ಣನ ಕೈ ತುಸು ಮುಂದೆ ಓಡುತ್ತಿತ್ತು. ಮಾಸ್ತರು ಎರಡು ಸಲ ಕಣ್ಣಿನಲ್ಲೇ ಹೇಳಿದರು. ಮೂರನೆಯ ಸಲ ಹಾಡು ನಿಲ್ಲಿಸಿ, ಮೈಕಿನ ಮುಂದೆಯೇ, "ನಿಧಾನ ಬಸಣ್ಣ, ಇದು ಹೊಲಿಗೆ ಮಷಿನ್ ಅಲ್ಲ" ಎಂದುಬಿಟ್ಟರು. ಸಭೆ ನಕ್ಕಿತು. ಬಸಣ್ಣ ತಲೆ ತಗ್ಗಿಸಿ, ಕಛೇರಿ ಮುಗಿಯುವವರೆಗೆ ಒಂದು ಮಾತ್ರೆಯೂ ಆಚೀಚೆಯಾಗದ ಹಾಗೆ ಬಾರಿಸಿದರು. ಮುಗಿದ ಮೇಲೆ ತಬಲಾ ಚೀಲಕ್ಕೆ ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ. ಮಾಸ್ತರು ಕರೆಯಲೂ ಇಲ್ಲ. ಆಮೇಲೆ ಬೇರೆ ಬೇರೆಯವರು ಬಂದು ಬಾರಿಸಿ ಹೋದರು, ಯಾರೂ ನೆಲೆ ನಿಲ್ಲಲಿಲ್ಲ.

ಇದನ್ನು ನಾನು ಅನೇಕರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಒಂದು ಸಂಗತಿಯನ್ನು ಬಿಟ್ಟಿದ್ದೇನೆ. ಸಭೆಯ ಜೊತೆ ನಾನೂ ನಕ್ಕಿದ್ದೆ.

ತಬಲಾಕ್ಕೆ ಯಾರನ್ನು ಕರೆಯೋಣ ಎಂದು ಫೋನಿನಲ್ಲಿ ಕೇಳಿದೆ. ಮಾಸ್ತರು, "ಯಾರೂ ಬೇಡ. ಆನು ತಬಲಾ ಇಲ್ದೇ ಹಾಡ್ತೆ" ಎಂದರು. ಪೆಟ್ಟಿಗೆಯಲ್ಲಿ ಆರು ಟ್ರ್ಯಾಕು ಖಾಲಿ ಉಳಿಯುತ್ತದೆ, ಮುಂದೆ ಯಾರದಾದರೂ ತಬಲಾ ಸೇರಿಸಬಹುದು ಎಂದೆ. "ಅದು ನಿನ್ನ ಪೆಟ್ಟಿಗೆ ವಿಚಾರ" ಎಂದರು.

ಪೆಟ್ಟಿಗೆ ಕೈಗೆ ಬಂದ ಮೊದಲ ಭಾನುವಾರ ಹೆಗ್ಗರಣೆಗೆ ಹೋದೆ. ಉಂಚಳ್ಳಿ ಜಲಪಾತಕ್ಕೆ ಹೋಗುವ ಕಾರುಗಳು ತಿರುವಿನಲ್ಲಿ ಹಾರ್ನ್ ಹೊಡೆಯುತ್ತವೆಂದು ರಸ್ತೆಯಿಂದ ದೂರದ ಒಳಕೋಣೆಯಲ್ಲಿ ಕೂತೆವು. ಮಾಸ್ತರು ನಲವತ್ತು ನಿಮಿಷ ಹಾಡಿದರು. ಗಂಟು ಒತ್ತುತ್ತಿದ್ದರೂ ತಾರ ಷಡ್ಜದ ಎತ್ತರಕ್ಕೆ ಹೋಗಿ ನಿಂತರು. ಮುಗಿದ ಮೇಲೆ ನೋಡಿದರೆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಯಾವ ಟ್ರ್ಯಾಕಿನಲ್ಲಿ ಮುದ್ರಿಸಬೇಕೋ ಅದರ ಕೆಂಪು ಗುಂಡಿಯನ್ನು ಮೊದಲು ಒತ್ತಬೇಕು. ಕೈಪಿಡಿಯಲ್ಲಿ ಅದಕ್ಕಾಗಿ ಒಂದು ಇಡೀ ಪುಟವೇ ಇತ್ತು. ಎರಡು ಸಲ ಓದಿದವಳು ನಾನು, ಒತ್ತಿರಲಿಲ್ಲ.

ಮಾಸ್ತರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. "ಹೋಗ್ಲಿ ಬಿಡು ಕೂಸೆ. ಇಷ್ಟು ವರ್ಷ ಹಾಡಿದ್ದು ಎಲ್ಲಿಗೆ ಹೋಜೋ ಅಲ್ಲಿಗೇ ಇದೂ ಹೋತು" ಎಂದರು. ಅವರು ಒಂದು ಬೈಗುಳ ಬೈದಿದ್ದರೆ ನನಗೆ ಆ ದಿನ ಊಟ ಸೇರುತ್ತಿತ್ತು.

ಒಂದು ವಾರ ದನಿಗೆ ವಿಶ್ರಾಂತಿ ಕೊಟ್ಟು ಎರಡನೆಯ ಭಾನುವಾರ ಮತ್ತೆ ಹಾಡಿದರು. ಪೆಟ್ಟಿಗೆಯಲ್ಲೇ ಟಿಕ್ ಟಿಕ್ ಎಂದು ಲಯ ತೋರಿಸುವ ಗಡಿಯಾರ ಇತ್ತು, ಅದನ್ನು ನಿಲ್ಲಿಸಲು ಹೇಳಿ ತೊಡೆಯ ಮೇಲೆ ಕೈಯಲ್ಲಿ ತಾಳ ಹಾಕಿಕೊಂಡರು. ತೀನ್‌ತಾಲ, ಹದಿನಾರು ಮಾತ್ರೆಗೆ ಒಂದು ಆವರ್ತ. ನಡುವೆ ಮೂರು ಕಡೆ ಅವರು ವಿಸ್ತಾರ ನಿಲ್ಲಿಸಿ ಮೊದಲ ಸಾಲನ್ನೇ ಮೆಲ್ಲಗೆ ಹೇಳಿಕೊಳ್ಳುತ್ತ ಉಳಿದರು. ಉಸಿರಿಗೆ ಕಷ್ಟವಾಗಿರಬೇಕು ಎಂದುಕೊಂಡು ನಾನೂ ಮೆಲ್ಲಗೆ ಬಾರಿಸಿದೆ. ಈ ಸಲ ಕೆಂಪು ದೀಪ ಉರಿಯುತ್ತಿರುವುದನ್ನು ಹಾಡಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿದ್ದೆ.

ಮುಂದಿನ ಭಾನುವಾರ ಚೀಲ ಹೆಗಲಿಗೇರಿಸಿ ಯಲ್ಲಾಪುರದ ಬಸ್ಸು ಹತ್ತಿದೆ. ಎಲ್ಲಿಗೆ ಹೋಗುತ್ತೇನೆಂದು ಮಾಸ್ತರಿಗೆ ಹೇಳಿರಲಿಲ್ಲ. ಬಸಣ್ಣನಿಗೆ ಶಸ್ತ್ರಚಿಕಿತ್ಸೆಯ ವಿಷಯ ಹೇಳಬಾರದು ಎಂದೂ ನಿಶ್ಚಯಿಸಿದ್ದೆ. ಕಾಯಿಲೆ ಹೇಳಿ ಒಪ್ಪಿಸುವುದು ಕೈ ತಿರುಚಿದ ಹಾಗೆ.

ಬಸಣ್ಣನಿಗೆ ಈಗ ಅರವತ್ತಾರು. ಅಂಗಡಿ ಹೆದ್ದಾರಿಯ ಬದಿಗೇ ಇದೆ, ಅರಬೈಲು ಘಟ್ಟ ಇಳಿಯುವ ಲಾರಿಗಳೆಲ್ಲ ಅದರ ಮುಂದೆಯೇ ಹಾದು ಹೋಗುತ್ತವೆ. ನನ್ನನ್ನು ಕಂಡು ಅಳತೆಯ ಟೇಪು ಕುತ್ತಿಗೆಯಿಂದ ತೆಗೆದಿಟ್ಟು, "ಬರ್ರಿ ಅಕ್ಕೋರ, ಕುಂದರ್ರಿ" ಎಂದರು. ಆ ಕಡೆ ಟೀಚರನ್ನು ಕರೆಯುವುದು ಹಾಗೆ. ಚಹಾ ಬಂತು. ವಿಷಯ ಹೇಳಿದೆ.

"ಅವರ ಜೋಡಿ ನಾ ಕೂಡೂದಿಲ್ರಿ" ಎಂದರು. ಸಿಟ್ಟಿನಿಂದಲ್ಲ, ಅಳತೆ ಹೇಳಿದ ಹಾಗೆ ಹೇಳಿದರು.

"ಕೂರಬೇಕಾಗಿಲ್ಲ ಬಸಣ್ಣ. ಅವರು ಅಲ್ಲಿ ಹಾಡಿ ಆಗಿದೆ. ನೀವು ಇಲ್ಲೇ ಕೂತು ಬಾರಿಸಿದರೆ ಈ ಪೆಟ್ಟಿಗೆ ಎರಡನ್ನೂ ಸೇರಿಸುತ್ತದೆ."

ಅವರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂದ್ರ ತೋಳು ಬ್ಯಾರೆ, ಮೈ ಬ್ಯಾರೆ ಕತ್ತರಿಸಿಟ್ಟು ಆಮ್ಯಾಲೆ ಕೂಡಿಸೂದು" ಎಂದರು. ನನ್ನ ಮೂರು ವಾರದ ಓದು ಅವರಿಗೆ ಅರ್ಧ ನಿಮಿಷದಲ್ಲಿ ತಿಳಿದಿತ್ತು.

ಆಗ ನಾನು ಹೇಳಬೇಕಾದದ್ದನ್ನು ಹೇಳಿದೆ. "ಬಸಣ್ಣ, ಆ ದಿನ ನಾನೂ ನಕ್ಕಿದ್ದೆ."

"ಗೊತ್ತೈತ್ರಿ" ಎಂದರು. "ಹಾರ್ಮೋನಿಯಂ ಒಂದು ಸ್ವರ ತಪ್ಪಿತು. ಯಾಕ ಅಂತ ತಿರುಗಿ ನೋಡಿದ್ದೆ."

ಹತ್ತೊಂಬತ್ತು ವರ್ಷ ನಾನು ಮುಚ್ಚಿಟ್ಟುಕೊಂಡದ್ದು ಆ ಸಂಜೆಯೇ ಅವರಿಗೆ ತಿಳಿದಿತ್ತು. ಚಹಾದ ಲೋಟ ಕೆಳಗಿಟ್ಟೆ. ಅವರೇ ಎದ್ದು, "ಕೇಳೂಣು ತಡೀರಿ, ಕೇಳಾಕೇನು" ಎಂದು ಹಿಂದಿನ ಕೋಣೆಯ ಬಾಗಿಲು ತೆರೆದರು.

ಆ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಬಟ್ಟೆ. ಶಾಲೆಯ ಸಮವಸ್ತ್ರದ ನೀಲಿ ಬಟ್ಟೆಯ ಥಾನುಗಳು ಸೂರಿನವರೆಗೆ, ಹೊಲಿದು ಮುಗಿದ ರವಿಕೆಗಳು ಹಗ್ಗದ ತುಂಬ. ಒಳಗೆ ಹೋಗಿ ಬಾಗಿಲು ಮುಚ್ಚಿದ್ದೇ ತಡ, ಲಾರಿಗಳ ಸದ್ದು ಎಲ್ಲೋ ಬೇರೆ ಊರಿನದೆಂಬಂತೆ ಅಡಗಿಹೋಯಿತು. ಬಟ್ಟೆ ಸದ್ದನ್ನು ಹೀರುತ್ತದೆಂದು ನಾನು ವರ್ಷ ವರ್ಷವೂ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಕೇಳಿದ್ದು ಅಂದೇ ಮೊದಲು.

ಬಸಣ್ಣ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, "ತೊಡಿ ಮ್ಯಾಲೆ ತಾಳ ಹಾಕ್ಯಾರ. ಸಮ್ಮಿಗೆ ಬಂದಾಗ ಒಂದು ತುಸು ಜೋರ ಬಡೀತಾರ, ಮೊದಲಿಂದಾನೂ ಹಂಗ" ಎಂದರು. ಆವರ್ತದ ಮೊದಲ ಮಾತ್ರೆ ಸಮ್. ಆ ಬಡಿತ ಮೈಕಿಗೆ ಬಿದ್ದಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಇನ್ನಷ್ಟು ಹೊತ್ತು ಕೇಳಿದರು. ಆಮೇಲೆ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಹಿಂದಕ್ಕ ಹೋಗ್ರಿ."

ಹಿಂದಕ್ಕೆ ಹೋದೆ. ಮಾಸ್ತರು ಮೊದಲ ಸಾಲನ್ನೇ ಹೇಳಿಕೊಳ್ಳುತ್ತ ಉಳಿದ ಜಾಗ.

"ಇಲ್ಲಿ ಏನ ಮಾಡ್ಲಿಕತ್ತಾರ ಗೊತ್ತೇನ್ರಿ ನಿಮಗ?"

"ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ."

"ಅಲ್ರಿ" ಎಂದರು. "ನನಗ ಒಬ್ಬಂಗ ಬಾರಸಾಕ ಜಾಗಾ ಬಿಟ್ಟಾರ. ನಾಕು ಆವರ್ತ. ನಾ ಯಾವಾಗಲೂ ನಾಕ ಬಾರಸ್ತಿದ್ದೆ, ಬ್ಯಾರೆಯವರಿಗೆ ಎರಡ ಕೊಡತಿದ್ರು."

ತಬಲಾ ಇಲ್ಲದೇ ಹಾಡುತ್ತೇನೆಂದವರು ಮೂರು ಕಡೆ ನಾಲ್ಕು ನಾಲ್ಕು ಆವರ್ತ ಬಿಟ್ಟು ಕಾದಿದ್ದರು. ಪಕ್ಕದಲ್ಲೇ ಕೂತ ನನಗೆ ಅದು ತಿಳಿಯಲಿಲ್ಲ, ಅರವತ್ತು ಎಪ್ಪತ್ತು ಕಿಲೋಮೀಟರಿನ ಆಚೆ ಕೂತವರಿಗೆ ತಿಳಿಯಿತು.

ಬಸಣ್ಣ ಮೂಲೆಯಲ್ಲಿದ್ದ ತಬಲಾ ತೆಗೆದು ಶ್ರುತಿ ಮಾಡಿದರು. ನಾನು ಮೈಕು ಇಟ್ಟು ಮೂರನೆಯ ಟ್ರ್ಯಾಕಿನ ಕೆಂಪು ಗುಂಡಿ ಒತ್ತಿದೆ. ಒಂದು ಸಲ ಪೂರ್ತಿ ಬಾರಿಸಿದರು. ಒಂದೇ ಸಲ. ಮುಗಿಸಿ, ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು: "ದನಿ ಒಳಗ ಏನೋ ಅಡ್ಡ ಕೂತೈತಿ. ಏನಾಗೇತ್ರಿ ಅವರಿಗೆ?" ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎಲ್ಲ ಹೇಳಿದೆ. ಅವರು ಬಸ್‌ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಹೊರಡುವವರೆಗೆ ಕಿಟಕಿಯ ಹೊರಗೆ ನಿಂತಿದ್ದರು.

ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆ ಮಾಸ್ತರು ನಮ್ಮ ಮನೆಗೆ ಬಂದರು. ಕಾರು ಬಾಗಿಲಲ್ಲಿ ನಿಂತಿತ್ತು. ಹೆಡ್‌ಫೋನು ಕೊಟ್ಟೆ. ಯಾರು ಬಾರಿಸಿದ್ದೆಂದು ಹೇಳಲಿಲ್ಲ. ತಬಲಾ ಶುರುವಾಗಿ ನಾಲ್ಕು ಮಾತ್ರೆ ದಾಟುವುದರೊಳಗೆ ಅವರು ನನ್ನ ಮುಖ ನೋಡಿದರು, ಆಮೇಲೆ ಕಣ್ಣು ಮುಚ್ಚಿದರು. ಪೂರ್ತಿ ಕೇಳಿದರು. ಹೊರಗೆ ಕಾರಿನವರು ಒಮ್ಮೆ ಹಾರ್ನ್ ಮಾಡಿದರು. "ಅವಂಗೆ ಹೇಳು..." ಎಂದು ಶುರು ಮಾಡಿ ನಿಲ್ಲಿಸಿದರು. "ಬೇಡ. ಬಂದಮೇಲೆ ಆನೇ ಹೇಳ್ತೆ."

ಗಂಟು ಹೋಯಿತು. ಕೆಟ್ಟದ್ದೇನೂ ಇರಲಿಲ್ಲ. ದನಿ ಮಾತ್ರ ವೈದ್ಯರು ಹೆದರಿದ ಹಾಗೆಯೇ ಆಯಿತು. ಮಾತಿಗೆ ಗೊಗ್ಗರು ಗಾಳಿ ಸೇರಿಕೊಂಡಿತು. ಕೆಳಗಿನ ಮಂದ್ರದಲ್ಲಿ ನಾಲ್ಕು ಸ್ವರ ಉಳಿದವು. ತಾರ ಷಡ್ಜ ಮತ್ತೆ ಬರಲಿಲ್ಲ, ಬರುವುದೂ ಇಲ್ಲವಂತೆ. ಇದನ್ನು ಮಾಸ್ತರು ನನಗೆ ಒಂದು ಚೀಟಿಯಲ್ಲಿ ಬರೆದು ತಿಳಿಸಿದರು. ಅಕ್ಷರ ಮಾತ್ರ ಹಳೆಯ ಮಾಸ್ತರದೇ, ದುಂಡಗೆ.

ಒಂದೂವರೆ ತಿಂಗಳ ಮೇಲೆ ಪೆಟ್ಟಿಗೆ ತೆಗೆದುಕೊಂಡು ಹೆಗ್ಗರಣೆಗೆ ಹೋದೆ. ಬೇರೆ ಬೇರೆ ಸಾಲಿನಲ್ಲಿರುವುದನ್ನು ಹದಮಾಡಿ ಒಂದು ಮಾಡುವ ಕೆಲಸ ಬಾಕಿ ಇತ್ತು. ಹೋಗುವ ದಿನವನ್ನು ಬಸಣ್ಣನಿಗೆ ಫೋನಿನಲ್ಲಿ ಹೇಳಿದ್ದೆ, ಬನ್ನಿ ಎಂದಿರಲಿಲ್ಲ. ಹನ್ನೊಂದರ ಬಸ್ಸಿಗೆ ಇಳಿದು ಬಂದರು. ಕೈಯಲ್ಲಿ ತಬಲಾ ಇರಲಿಲ್ಲ. "ಕೇಳಾಕ ಬಂದೀನ್ರಿ" ಎಂದರು.

ಮಾಸ್ತರು ಕುತ್ತಿಗೆಗೆ ಶಾಲು ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಎದ್ದು ನಿಂತರು. ಹೇಳುತ್ತೇನೆಂದು ಇಟ್ಟುಕೊಂಡ ಮಾತು ಇತ್ತು, ಹೇಳಲು ದನಿ ಇರಲಿಲ್ಲ. "ಬಸಣ್ಣ, ಆ ದಿನ..." ಎಂದಿದ್ದು ಪಿಸುಮಾತಿಗಿಂತ ಸಣ್ಣದಾಗಿ ಬಂತು.

"ಮಾತಾಡಬ್ಯಾಡ್ರಿ ಮಾಸ್ತರ. ಡಾಕ್ಟರು ಬ್ಯಾಡ ಅಂದಾರಂತ."

ಮಾಸ್ತರು ಕೇಳಲಿಲ್ಲ. ಒಂದು ಸಲ ಉಗುಳು ನುಂಗಿ, "ತಪ್ಪಾತು" ಎಂದರು.

ಬಸಣ್ಣ ನೆಲ ನೋಡುತ್ತ ನಿಂತಿದ್ದರು. "ಆತ್ರಿ" ಎಂದು ಚಪ್ಪಲಿ ಬಿಟ್ಟು ಮೇಲೆ ಬಂದು ಕೂತರು.

ಮೂವರ ನಡುವೆ ಪೆಟ್ಟಿಗೆ ಇಟ್ಟು ಸಣ್ಣ ಸ್ಪೀಕರಿಗೆ ಜೋಡಿಸಿದೆ. ಯಾರ ಸದ್ದು ಎಷ್ಟಿರಬೇಕೆಂದು ಅವರವರೇ ಹೇಳಲಿ ಎಂದೆ. ಕಲಾವಿದರಿಗೆ ತಮ್ಮ ಸದ್ದು ಎಷ್ಟಾದರೂ ಸಾಲದು ಎಂದು ಕೈಪಿಡಿಗಳಲ್ಲಿ ಬರೆಯುವುದಿಲ್ಲ, ಆದರೆ ಮೈಕಿನ ಕೆಲಸ ಮಾಡಿದವರೆಲ್ಲ ಬಲ್ಲರು. ಮಾಸ್ತರು ಸ್ವಲ್ಪ ಕೇಳಿ, ತಬಲಾದ ಗುಂಡಿಯನ್ನು ತೋರಿಸಿ ಮೇಲೆ ಎಂದು ಬೆರಳು ಎತ್ತಿದರು. ಏರಿಸಿದೆ. ಬಸಣ್ಣ, "ಬ್ಯಾಡ್ರಿ, ಅವರ ದನಿ ಮುಚ್ಚತೈತಿ, ಅದನ್ನ ಮ್ಯಾಲೆ ಮಾಡ್ರಿ" ಎಂದರು. ಏರಿಸಿದೆ. ಮಾಸ್ತರು ತಲೆಯಾಡಿಸಿ ಮತ್ತೆ ತಬಲಾ ಎಂದರು. ಬಸಣ್ಣ ಮತ್ತೆ ದನಿ ಎಂದರು. ಇಬ್ಬರನ್ನೂ ಏರಿಸುತ್ತ ಹೋದರೆ ಯಂತ್ರ ತಡೆಯುವುದಿಲ್ಲ, ಕೆಂಪು ದೀಪ ಹತ್ತಿ ಸದ್ದು ಒಡೆಯುತ್ತದೆ. ಇಬ್ಬರಿಗೂ ಜಾಗ ಮಾಡಲು ಒಂದೇ ದಾರಿ ಇತ್ತು. ನನ್ನ ಹಾರ್ಮೋನಿಯಮ್ಮಿನ ಗುಂಡಿಯನ್ನು ಇಳಿಸಿದೆ. ಇನ್ನೂ ಸ್ವಲ್ಪ ಇಳಿಸಿದೆ. ಆಗ ಇಬ್ಬರೂ ಸುಮ್ಮನಾದರು.

ಮನೆಗೆ ಬಂದು ಕೇಳಿಸಿದಾಗ ನಮ್ಮನೆಯವರು ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದು, "ಚೊಲೊ ಆಜು. ನಿನ್ನ ಹಾರ್ಮೋನಿಯಂ ಮಾತ್ರ ಕೇಳ್ತಿಲ್ಲೆ" ಎಂದರು.

ಇದೆ, ತೆಗೆದರೆ ಗೊತ್ತಾಗುತ್ತದೆ ಎಂದೆ.